ಕೆಂಪು ಮರಳಿನಲ್ಲಿ ಮೂರು ರಾತ್ರಿ

“ಸಾಮಿ, ಆಸ್ಟ್ರೇಲಿಯಾದಿಂದ ಬಂದ ಮೇಲೆ ನನ್ನ ಮಗನಿಗೆ ಸ್ವಲ್ಪ ಬುದ್ಧಿ ಹೇಳಿ. ಆ ಬೈಕಿನ ಹುಚ್ಚು ಒಂದು ದಿನ ಅವನನ್ನ ತಿಂದುಹಾಕುತ್ತೆ.”

2024ರ ಮೇ ತಿಂಗಳ ಕೊನೆಯ ಭಾನುವಾರ, ಪೂಜೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲ ಬಳಿ ಒಬ್ಬ ತಾಯಿ ನನ್ನನ್ನು ತಡೆದು ಹೀಗೆಂದರು. ಹುಡುಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ರಾತ್ರಿ ಪಾಳಿ ಮುಗಿಸಿ ಹೆದ್ದಾರಿಯಲ್ಲಿ ಹಾರಿಕೊಂಡು ಬರುತ್ತಾನೆ. “ಹೇಳ್ತೀನಮ್ಮ” ಎಂದು ಮಾತು ಕೊಟ್ಟೆ. ನಾನು ಹೋಗುತ್ತಿರುವುದೇ ಬೈಕುಗಳ ಓಟ ನೋಡಲು ಎಂದು ಹೇಳುವ ಧೈರ್ಯ ಮಾತ್ರ ಆಗಲಿಲ್ಲ!

ಗುರುಮಠದಲ್ಲಿ ನನ್ನ ಜೊತೆ ಓದಿದ ಗೆಳೆಯರೊಬ್ಬರು ಈಗ ಆಸ್ಟ್ರೇಲಿಯಾದಲ್ಲಿ ಸೇವೆಯಲ್ಲಿದ್ದಾರೆ. ಅಲ್ಲಿನ ಜೀಪು ಪ್ರಿಯರ ಕ್ಲಬ್ ಒಂದು ಪ್ರತಿವರ್ಷ ಮರಳುಗಾಡಿನಲ್ಲಿ ಬಿಡಾರ ಹೂಡಿ ಫಿಂಕ್ ಡೆಸರ್ಟ್ ರೇಸ್ ನೋಡುತ್ತದೆ. “ಒಮ್ಮೆ ಬಾ, ದೇವರು ಬಿಡುವಾಗಿ ಕೂತು ಮಾಡಿದ ಜಾಗ ನೋಡುವೆಯಂತೆ” ಎಂದು ಅವರು ಬಹಳ ದಿನದಿಂದ ಕರೆಯುತ್ತಿದ್ದರು.

ಆ ಖಂಡದ ಸರಿಸುಮಾರು ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಪಟ್ಟಣವಿದೆ. ಅದರ ಬೆನ್ನಿಗೆ ಮ್ಯಾಕ್‌ಡೊನೆಲ್ ಬೆಟ್ಟಸಾಲು. ಸುತ್ತಲೂ ಇಟ್ಟಿಗೆ ಪುಡಿಯಂಥ ಕೆಂಪು ಮಣ್ಣು, ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲು, ತಲೆಗೂದಲು ಇಳಿಬಿಟ್ಟಂತೆ ನಿಂತ ಡೆಸರ್ಟ್ ಓಕ್ ಮರಗಳು. ಇದು ಅರೆರ್ಂಟೆ ಎಂಬ ಮೂಲನಿವಾಸಿಗಳ ನೆಲ. 1976ರಲ್ಲಿ ಊರಿನ ಕೆಲವು ಬೈಕ್ ಸವಾರರು ಫಿಂಕ್ ನದಿಯವರೆಗೆ ಹೋಗಿ ಬರೋಣವೆಂದು ಹೊರಟರು. ಆ ಹುಡುಗಾಟವೇ ಇಂದು ದೊಡ್ಡ ರೇಸ್ ಆಗಿದೆ. ಜೂನ್ ತಿಂಗಳಲ್ಲಿ ರಾಜರ ಜನ್ಮದಿನದ ರಜೆ ಸೇರಿದ ವಾರಾಂತ್ಯದಲ್ಲಿ ಇದು ನಡೆಯುತ್ತದೆ. ಭಾನುವಾರ ಅಪುಟುಲ ಎಂಬ ಮೂಲನಿವಾಸಿಗಳ ಪುಟ್ಟ ಊರಿಗೆ ಹೋಗುವುದು, ಸೋಮವಾರ ಹಿಂತಿರುಗುವುದು. ಒಂದು ಕಡೆಗೆ ಸುಮಾರು 230 ಕಿಲೋಮೀಟರ್, ಅಂದರೆ ಹೊಸೂರಿನಿಂದ ಹಾಸನಕ್ಕೆ ಹೋದಷ್ಟು. ಅಷ್ಟು ದೂರವನ್ನು ವೇಗದ ಸವಾರರು ಮರಳಿನ ಮೇಲೆ ಸುಮಾರು ಎರಡೇ ಗಂಟೆಯಲ್ಲಿ ಮುಗಿಸುತ್ತಾರೆ.

ದಾರಿ ಹಳೆಯ ಘಾನ್ ರೈಲುಮಾರ್ಗದ ಪಕ್ಕದಲ್ಲೇ ಸಾಗುತ್ತದೆ. ರೈಲು ಬರುವ ಮೊದಲು ಒಂಟೆಗಳ ಮೇಲೆ ಸಾಮಾನು ಹೊತ್ತು ತಂದ ‘ಅಫ್ಘಾನ್’ರ ನೆನಪಿಗೆ ಆ ಹೆಸರಂತೆ. ಅವರಲ್ಲಿ ಅನೇಕರು ಅಂದಿನ ನಮ್ಮ ಇಂಡಿಯಾದಿಂದಲೇ ಹೋದವರು. ಆ ಹಳೆಯ ಮಾರ್ಗ 1980ರಲ್ಲಿ ಮುಚ್ಚಿತು. ಈಗ ಅದರ ಪಕ್ಕದಲ್ಲಿ ಅಲೆಗಳಂತೆ ಒಂದರ ಹಿಂದೊಂದು ಮರಳಿನ ಉಬ್ಬುಗಳು. ಸವಾರ ಅವುಗಳ ತಲೆಯಿಂದ ತಲೆಗೆ ಹಾರಬೇಕು. ಒಂದು ತಪ್ಪಿದರೆ ಬೈಕು ಒಂದು ಕಡೆ, ಆಸಾಮಿ ಇನ್ನೊಂದು ಕಡೆ.

ನಾವು ಶುಕ್ರವಾರವೇ ಹೋಗಿ ಬಿಡಾರ ಹೂಡಿದೆವು. ಅಂಗಡಿಯಿಲ್ಲ, ನಲ್ಲಿಯಿಲ್ಲ. ಕುಡಿಯುವ ನೀರು, ಸೌದೆ ಎಲ್ಲವನ್ನೂ ಹೊತ್ತೊಯ್ಯಬೇಕು, ಕಸವನ್ನೂ ಹೊತ್ತು ತರಬೇಕು. ದಾರಿಯುದ್ದಕ್ಕೂ ಸಾವಿರಾರು ಜನ ಹೀಗೆ ಬೀಡುಬಿಟ್ಟಿರುತ್ತಾರೆ. ಅಜ್ಜಿಯಂದಿರು, ಕೈಗೂಸುಗಳು, ಮನೆಯ ಹಳೆಯ ಸೋಫಾಗಳು ಸಹ ಬಂದಿರುತ್ತವೆ! ನಮ್ಮ ಕಡೆಯ ಜಾತ್ರೆಯಲ್ಲಿ ಗಾಡಿ ಬಿಚ್ಚಿ ಅಡುಗೆ ಹೂಡುತ್ತಿದ್ದ ಕಾಲ ನೆನಪಾಯಿತು. ಮಲಗಲು ಸ್ವ್ಯಾಗ್ ಎಂಬ ಕ್ಯಾನ್ವಾಸ್ ಹಾಸಿಗೆ. ಹಗಲು ಹಿತವಾದ ಬಿಸಿಲು, ರಾತ್ರಿ ಮಾತ್ರ ನೀರು ಹೆಪ್ಪುಗಟ್ಟುವಂಥ ಚಳಿ. ಎರಡು ಸ್ವೆಟರ್ ಹಾಕಿ, ಮಂಕಿ ಟೋಪಿ ಎಳೆದುಕೊಂಡು ಮಲಗಿದ ನನ್ನನ್ನು ನೋಡಿ ಮಕ್ಕಳು ನಕ್ಕಿದ್ದೇ ನಕ್ಕಿದ್ದು. ಆದರೆ ತಲೆಯ ಮೇಲಿನ ಆಕಾಶ! ಅಷ್ಟು ನಕ್ಷತ್ರಗಳನ್ನು ನಾನು ಬಾಲ್ಯದ ನಂತರ ಕಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೊದಲು ಕಾರುಗಳು. ದೂರದಲ್ಲಿ ಧೂಳಿನ ಕಂಬ, ಮೇಲೆ ಹೆಲಿಕಾಪ್ಟರ್, ಆಮೇಲೆ ಎದೆ ನಡುಗಿಸುವ ಸದ್ದು. ಅನಂತರ ಬೈಕುಗಳು ಬರತೊಡಗಿದವು. ನಲವತ್ತು ದಾಟಿದ ಈ ಪಾದ್ರಿಗೆ ಅದೇನಾಯಿತೋ, ಕ್ಯಾಮೆರಾ ಹಿಡಿದು ದಾರಿಯ ಅಂಚಿಗೆ ಓಡಿದೆ. ಇನ್ನೊಂದು ಹೆಜ್ಜೆ, ಇನ್ನೊಂದು ಫೋಟೋ. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಅಂಗಿ ಹಿಡಿದು ಎಳೆದರು. ಕ್ಲಬ್ಬಿನ ಹಿರಿಯ ಮಹಿಳೆ, ವಯಸ್ಸು ಎಪ್ಪತ್ತರ ಆಸುಪಾಸು.

“ಫಾದರ್, ಅಲ್ಲಿ ಗೆರೆ ಎಳೆದಿರುವುದು ಪಾದ್ರಿಗಳಿಗೂ ಸೇರಿಸಿಯೇ.”

ನಾನು ಹಿಂದೆ ಸರಿದ ಮರುಕ್ಷಣವೇ ಒಂದು ಬೈಕು ಉಬ್ಬಿನ ಮೇಲೆ ವಾಲಿ, ನಾನು ನಿಂತಿದ್ದ ಜಾಗದ ಪಕ್ಕದ ಪೊದೆಯನ್ನು ಸವರಿಕೊಂಡು ಹೋಯಿತು. ಸವಾರ ಹೇಗೋ ಸಾವರಿಸಿಕೊಂಡ. ನನ್ನ ಕೈಕಾಲು ಮಾತ್ರ ಬಹಳ ಹೊತ್ತು ನಡುಗುತ್ತಿದ್ದವು.

ಆ ರಾತ್ರಿ ಬೆಂಕಿಯ ಸುತ್ತ ಕುಳಿತಾಗ ಆಕೆ 2021ರ ಕಥೆ ಹೇಳಿದರು. ಆ ವರ್ಷ ಸೋಮವಾರ, ಓಟ ಹಿಂತಿರುಗುತ್ತಿದ್ದಾಗ ಒಂದು ವಾಹನ ದಾರಿ ಬಿಟ್ಟು ನೋಡುಗರತ್ತ ನುಗ್ಗಿತು. ಒಬ್ಬರು ಸತ್ತರು. ಅಂದಿನ ಓಟ ಅಲ್ಲಿಗೇ ನಿಂತಿತು. ಸತ್ತವರು ಸವಾರರಲ್ಲ, ನಮ್ಮಂತೆ ನೋಡಲು ಬಂದವರು. ಅಪಾಯ ಓಡಿಸುವವನದು ಮಾತ್ರ ಎಂದು ನೋಡುವವನು ಅಂದುಕೊಳ್ಳುತ್ತಾನೆ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಮಾತು ಟೋಬಿ ಪ್ರೈಸ್ ಕಡೆಗೆ ತಿರುಗಿತು. ಫಿಂಕ್ ಓಟವನ್ನು ಬೈಕಿನಲ್ಲೂ ಕಾರಿನಲ್ಲೂ ಗೆದ್ದ ಆಸ್ಟ್ರೇಲಿಯನ್ ಆತ. ಪ್ರಪಂಚದ ಅತಿ ಕಠಿಣ ಡಾಕಾರ್ ರ‍್ಯಾಲಿಯನ್ನೂ 2016 ಮತ್ತು 2019ರಲ್ಲಿ ಗೆದ್ದವ. ಡಾಕಾರ್ ಎಂದೊಡನೆ ನಾನೂ ಬಾಯಿ ಬಿಟ್ಟೆ. ನಮ್ಮ ಹೊಸೂರಿನ ಟಿವಿಎಸ್ 2015ರಿಂದ ಆ ರ‍್ಯಾಲಿಗೆ ತಂಡ ಕಳಿಸಿದೆ, ಬೆಂಗಳೂರಿನ ಸಿ.ಎಸ್. ಸಂತೋಷ್ ಅದೇ 2015ರಲ್ಲಿ ಅದನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು; ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಗುರಿ ಮುಟ್ಟಿದರು ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಆಕೆ ಇನ್ನೊಂದು ಹೆಸರು ಹೇಳಿದರು, ಪೌಲೋ ಗೊನ್ಸಾಲ್ವಿಸ್. ಪೋರ್ಚುಗಲ್‌ನ ಸವಾರ. 2016ರ ಡಾಕಾರ್‌ನಲ್ಲಿ ಮುಂಚೂಣಿಯಲ್ಲಿದ್ದಾಗಲೇ, ಎದುರಾಳಿ ತಂಡದ ಸವಾರನೊಬ್ಬ ಕಾಲು ಮುರಿದುಕೊಂಡು ಬಿದ್ದಿರುವುದನ್ನು ಕಂಡು ಬೈಕು ನಿಲ್ಲಿಸಿ, ನೆರವು ಬರುವವರೆಗೆ ಪಕ್ಕದಲ್ಲೇ ಇದ್ದರು. 2020ರ ಜನವರಿ 12ರಂದು ಸೌದಿ ಅರೇಬಿಯಾದ ಮರಳಿನಲ್ಲಿ ಅವರೇ ಬಿದ್ದರು. ಆಗ ಅವರು ಓಡಿಸುತ್ತಿದ್ದುದು ನಮ್ಮ ದೇಶದ ಹೀರೋ ಕಂಪನಿಯ ತಂಡಕ್ಕಾಗಿ. ಬಿದ್ದವರನ್ನು ಕಂಡು ನಿಂತವರು ಇದೇ ಟೋಬಿ ಪ್ರೈಸ್. ಸಹಾಯಕ್ಕೆ ಕರೆ ಕಳಿಸಿ, ಕೊನೆಗೆ ಹೆಲಿಕಾಪ್ಟರ್‌ವರೆಗೆ ಹೊತ್ತೊಯ್ಯಲು ಕೈಗೊಟ್ಟರು. ಗೊನ್ಸಾಲ್ವಿಸ್ ಉಳಿಯಲಿಲ್ಲ.

ಬೆಂಕಿಯ ಬಳಿ ಯಾರೂ ಮಾತಾಡಲಿಲ್ಲ. ಜೆರಿಕೋ ದಾರಿಯಲ್ಲಿ ಬಿದ್ದವನನ್ನು ಕಂಡೂ ಬದಿಯಲ್ಲಿ ದಾಟಿಹೋದವರಲ್ಲಿ ಮೊದಲನೆಯವನು ಒಬ್ಬ ಯಾಜಕ ಎಂಬುದು ನನಗೆ ನೆನಪಾಯಿತು.

ಊರಿಗೆ ಬಂದ ಮೊದಲ ವಾರವೇ ಆ ತಾಯಿ ಮಗನನ್ನು ಕರೆತಂದು ನನ್ನೆದುರು ಕೂರಿಸಿ ಹೊರಗೆ ಹೋದರು. ಬುದ್ಧಿಮಾತು ಸಿದ್ಧವಾಗಿತ್ತು. ಆದರೆ ಹುಡುಗ ನನ್ನ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ, ಒಂದರಲ್ಲಿ ನಿಂತುಬಿಟ್ಟ. ಬೈಕಿನ ಚಕ್ರ ಚಿತ್ರದ ತುಂಬ ಇತ್ತು.

“ಸಾಮಿ, ಇದನ್ನ ತೆಗೆದಾಗ ನೀವು ಎಷ್ಟು ಹತ್ತಿರ ಇದ್ರಿ?”

ಸುಳ್ಳು ಹೇಳಲಾಗಲಿಲ್ಲ. ನನ್ನ ಅಂಗಿ ಹಿಡಿದೆಳೆದ ಅಜ್ಜಿಯ ಕಥೆಯನ್ನೂ, ಓಟ ಬಿಟ್ಟು ನಿಂತ ಇಬ್ಬರು ಸವಾರರ ಕಥೆಯನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿದ. ಹೊರಗೆ ಬೈಕಿನ ಮೇಲೆ ಹೆಲ್ಮೆಟ್ ಇತ್ತು, ಅದರ ಪಟ್ಟಿ ಎಂದೋ ಕಿತ್ತುಹೋಗಿತ್ತು. ಮುಂದಿನ ಭಾನುವಾರ ಪೂಜೆಗೆ ಬಂದಾಗ ನಾನು ಕೇಳುವ ಮೊದಲೇ ಹೆಲ್ಮೆಟ್ ಎತ್ತಿ ತೋರಿಸಿದ. ಹೊಸ ಪಟ್ಟಿ ಹಾಕಿಸಿದ್ದ. ಹಿಂದಿನ ಸೀಟಿನಲ್ಲಿ ಅವನ ತಾಯಿ ಕುಳಿತಿದ್ದರು.