ಅಜ್ಜಿಯ ಕೆನ್ನೆಯ ಬೂದು

ಅಪ್ಪ ತೆಗೆದ ಅಜ್ಜಿಯ ಫೋಟೊಗಳಲ್ಲಿ ಉಳಿದಿರುವುದು ಒಂದೇ ನೆಗೆಟಿವ್. ಎರಡೂಕಾಲು ಅಂಗುಲ ಚದರದ ಫಿಲ್ಮು. ಮಳೆಗಾಲದ ಮಧ್ಯಾಹ್ನ, ಬಿಳಿ ಸೀರೆಯ ಅಜ್ಜಿ ಜಗಲಿಯ ಮೇಲೆ ಕೂತಿದ್ದಾಳೆ. ಇಬ್ಬರೂ ಈಗಿಲ್ಲ. ಮೋಡದ ಬೆಳಕಾದ್ದರಿಂದ ನೆಗೆಟಿವ್ ಸಪ್ಪೆ. ಕಪ್ಪು-ಬಿಳುಪಿನ ಅಂತರ ಕಡಿಮೆ. ಅದನ್ನು ಪ್ಲಾಟಿನಂನಲ್ಲಿ ಮುದ್ರಿಸಲು ಹೊರಟೆ.

ಇಂಗ್ಲೆಂಡಿನ ವಿಲಿಯಂ ವಿಲ್ಲಿಸ್ 1873ರಲ್ಲಿ ಪೇಟೆಂಟ್ ಪಡೆದ ವಿಧಾನ ಇದು. ಫೆರಿಕ್ ಆಕ್ಸಲೇಟ್ ಎಂಬ ಕಬ್ಬಿಣದ ಲವಣವನ್ನೂ ಪ್ಲಾಟಿನಂ ಲವಣವನ್ನೂ ಹನಿ ಲೆಕ್ಕದಲ್ಲಿ ಬೆರೆಸಿ ಕಾಗದಕ್ಕೆ ಬಳಿಯಬೇಕು. ಒಣಗಿದ ಮೇಲೆ ನೆಗೆಟಿವನ್ನು ಅದರ ಮೇಲಿಟ್ಟು, ಗಾಜಿನಡಿ ಒತ್ತಿ, ಬಿಸಿಲಿಗೆ ಹಿಡಿಯಬೇಕು. ಡೆವಲಪರ್ ಸುರಿದ ಕೂಡಲೇ ಚಿತ್ರ ಮೂಡುತ್ತದೆ. ಜೆಲಟಿನ್ ಪದರವಿಲ್ಲದ ಕಾರಣ ಅದು ಕಾಗದದ ನಾರಿನಲ್ಲೇ ಕೂರುತ್ತದೆ. ಕಾಗದದಲ್ಲಿ ತೇವ ಹೆಚ್ಚಾಗಿ ಉಳಿದಿದ್ದರೆ ನೆಗೆಟಿವ್ ಕಲೆಯಾಗಬಹುದು. ಪ್ರತಿ ಸಲ ಒತ್ತುವಾಗಲೂ ನನಗೆ ಅದೇ ಭಯ.

ಮೊದಲ ಪ್ರತಿಯಲ್ಲಿ ಅಜ್ಜಿ, ಗೋಡೆ, ಅಂಗಳ ಎಲ್ಲ ಒಂದೇ ಬೂದು. ಇದಕ್ಕೆ ಮದ್ದಿದೆ: ಪೊಟ್ಯಾಸಿಯಂ ಕ್ಲೋರೇಟ್ ಸೇರಿಸಿದ ಕಬ್ಬಿಣದ ಎರಡನೆಯ ಬಾಟಲಿ. ಆರು ಹನಿ ಕಬ್ಬಿಣದಲ್ಲಿ ನಾಲ್ಕನ್ನು ಅದರಿಂದ ಹಾಕಿದೆ. ಬಾಗಿಲ ಕತ್ತಲೆ ಕಪ್ಪಾಯಿತು, ಸೀರೆ ಬೆಳ್ಳಗಾಯಿತು. ಆದರೆ ಅಜ್ಜಿಯ ಕೆನ್ನೆ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಕ್ಲೋರೇಟ್ ಹೆಚ್ಚಾದರೆ ತಿಳಿ ಛಾಯೆಗಳು ಹೀಗೆ ಒಡೆಯುತ್ತವೆ. ಸುಕ್ಕು ಯಾವುದು, ಕಾಳು ಯಾವುದು ತಿಳಿಯದಾಯಿತು.

"ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಸರಿಪಡಿಸಿ ಹೊಸ ನೆಗೆಟಿವ್ ಮಾಡ್ಕೋ" ಅಂದ ಗೆಳೆಯ. ಸರಿಯಾದ ಮಾತೇ. ಕಾಂಟ್ರಾಸ್ಟ್ ಇರಬೇಕಾದ್ದು ನೆಗೆಟಿವ್‌ನಲ್ಲಿ. ಮುದ್ರಣದಲ್ಲಿ ಎಳೆದು ತಂದರೆ ಕಾಳಿನ ರೂಪದಲ್ಲಿ ದಂಡ ಕಟ್ಟಬೇಕು. ಆದರೆ ಅವತ್ತು ಅಜ್ಜಿಯ ಮುಖದಿಂದ ಹೊರಟ ಬೆಳಕು ಬಿದ್ದದ್ದು ಈ ಫಿಲ್ಮಿನ ಮೇಲೆ. ಅದನ್ನು ಬಿಡಲು ಮನಸ್ಸಾಗಲಿಲ್ಲ.

ಇಂಗ್ಲೆಂಡಿನ ಚರ್ಚುಗಳ ಕಲ್ಲುಗಳನ್ನು ಪ್ಲಾಟಿನಂನಲ್ಲಿ ಮುದ್ರಿಸಿದ ಫ್ರೆಡರಿಕ್ ಎವಾನ್ಸ್ ನೆನಪಾದರು. ಅವರ ಚಿತ್ರಗಳ ಜೀವ ಇರುವುದು ಕಡುಕಪ್ಪಿನಲ್ಲಲ್ಲ, ನಡುವಿನ ಬೂದುಗಳಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಪ್ಲಾಟಿನಂ ಕಾಗದ ದುರ್ಲಭವಾದಾಗ ಅವರು ಛಾಯಾಗ್ರಹಣದಿಂದಲೇ ದೂರವಾದರು.

ಮತ್ತೆ ಬೆರೆಸಿದೆ. ಎರಡನೆಯ ಬಾಟಲಿಯಿಂದ ಈ ಸಲ ಒಂದೇ ಹನಿ. ಕಪ್ಪು ಪೂರ್ತಿ ಕಪ್ಪಾಗಲಿಲ್ಲ. ಕೆನ್ನೆ ಮಾತ್ರ ನುಣುಪಾಗಿ ಉಳಿಯಿತು.

ಅಂಗೈಯಲ್ಲಿ ಹಿಡಿಸುವ ಆ ಚಿತ್ರವನ್ನು ಅತ್ತೆಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಅವತ್ತು ಬೆಳಗಿಂದ ಮಳೆ ಹಿಡಿದಿತ್ತು ಕಣೋ" ಅಂದರು.