ಎಫ್ 7 ಎಂಬ ಊರು

ಶಾಲೆಯ ದಾಖಲಾತಿ ವಹಿಯಲ್ಲಿ ತಮ್ಮ ಹೆಸರು ಇದೆಯೆಂದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗಳು ವಿರಳ. ಎರಡು ಮೊಳ ಅಗಲದ ಆ ಪುಸ್ತಕ ಗುಮಾಸ್ತರ ಬೀರುವಿನಿಂದ ಹೊರಬರುತ್ತಿದ್ದುದೇ ಜೂನ್ ತಿಂಗಳಲ್ಲಿ. ದಾಖಲಾತಿ ಸಂಖ್ಯೆ, ಹೆಸರು, ಜನ್ಮದಿನಾಂಕ ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ. ಆಮೇಲೆ ‘ತಂದೆ ಅಥವಾ ಪೋಷಕರ’ ಎಂಬ ಒಂದು ದೊಡ್ಡ ತಲೆಬರಹ. ಅದರ ಕೆಳಗೆ ಮೂರು ಸಣ್ಣ ಕಲಂಗಳು: ಹೆಸರು, ಉದ್ಯೋಗ, ವಾಸಸ್ಥಳ. ಈ ದೊಡ್ಡ ತಲೆಬರಹವನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆಯೆಲ್ಲ ಅದರದೇ.

ನಂಗಲಿಯ ಸೀಮೆಯಲ್ಲಿ ವಾಸಸ್ಥಳದ ಕಲಂ ಇಲ್ಲದೆ ಮನುಷ್ಯನನ್ನು ಗುರುತಿಸುವುದು ಕಷ್ಟ. ಗಂಡು ಮಕ್ಕಳಲ್ಲಿ ವೆಂಕಟರಮಣಪ್ಪ, ಮುನಿಯಪ್ಪ, ಹೆಣ್ಣು ಮಕ್ಕಳಲ್ಲಿ ಲಕ್ಷ್ಮಮ್ಮ, ರತ್ನಮ್ಮ; ತರಗತಿಗೊಬ್ಬರಾದರೂ ಇದ್ದೇ ಇರುತ್ತಿದ್ದರು. ಇನಿಷಿಯಲ್ಲನ್ನಾದರೂ ನಂಬೋಣವೆಂದರೆ ಒಬ್ಬರಿಗೆ ‘ಎನ್’ ಎಂದರೆ ನಂಗಲಿ, ಇನ್ನೊಬ್ಬರಿಗೆ ನಾರಾಯಣಪ್ಪ. ಮದುವೆಯಾದ ಹೆಣ್ಣುಮಕ್ಕಳಿಗಂತೂ ಆ ಒಂದಕ್ಷರವೂ ಉಳಿಯುವುದಿಲ್ಲ. ಹೀಗಾಗಿ ನಾವು ಹಾಜರಿ ಕರೆಯುವಾಗಲೂ ಊರ ಹೆಸರನ್ನು ಸೇರಿಸಿಯೇ ಕರೆಯುತ್ತಿದ್ದೆವು.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಅಂಗನವಾಡಿಯಲ್ಲಿ ಸಹಾಯಕಿ. ಆಧಾರ್ ಕಾರ್ಡಿನಲ್ಲಿ ಆಕೆಯ ಹುಟ್ಟಿದ ವರ್ಷವನ್ನು ಯಾರೋ ಅಂದಾಜಿನಲ್ಲಿ ಬರೆಸಿದ್ದಾರೆ; ಜನವರಿ ಒಂದನೆಯ ತಾರೀಖು, ನಿಜವಾದ ವಯಸ್ಸಿಗಿಂತ ಆರು ವರ್ಷ ಹೆಚ್ಚು. ಅರವತ್ತಕ್ಕೆ ಸೇವೆ ಮುಗಿಯುವ ಕೆಲಸ ಅದು. “ಆರು ವರ್ಷದ ಗೌರವಧನ ಸಾರ್, ಮಗಳ ಓದು ಇನ್ನೂ ಮುಗಿದಿಲ್ಲ. ಇಸ್ಕೂಲಿಂದ ವ್ಯಾಸಂಗ ಪತ್ರ ತಂದ್ರೆ ತಿದ್ದುಪಡಿಗೆ ಹಾಕಬೌದು ಅಂದ್ರು” ಎಂದಳು. ದಾಖಲಾದ ವರ್ಷ ಆಕೆಗೆ ಸರಿಯಾಗಿ ನೆನಪಿಲ್ಲ. ನಡುವೆ ಒಂದು ವರ್ಷ ಶಾಲೆ ಬಿಟ್ಟು ಮತ್ತೆ ಸೇರಿದ್ದಳು.

ಆ ಶಾಲೆಯ ಹೆಸರು ಇಲ್ಲಿ ಬೇಡ. ಹಳೆಯ ವಹಿಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿರುವುದರಿಂದ ಮುಖ್ಯೋಪಾಧ್ಯಾಯರು ದಾಖಲಾತಿ ಸಂಖ್ಯೆ ಹೇಳಿದರೆ ಮಾತ್ರ ಪುಸ್ತಕ ತೆಗೆಸುತ್ತಾರೆ. ಅದು ನ್ಯಾಯವೇ. ಸಂಖ್ಯೆ ಹುಡುಕಲೆಂದು ಹಲವು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮರು ವಹಿಯನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ನುಡಿ ತಂತ್ರಾಂಶ ಬಳಸಿ ಟೈಪ್ ಮಾಡಿಟ್ಟಿದ್ದರು. ಆ ಹಾಳೆಯನ್ನು ಮೈಕ್ರೋಸಾಫ್ಟ್ ಆಕ್ಸೆಸ್‌ಗೆ ಜೋಡಿಸಿ, ಕ್ವೆರಿ ಡಿಸೈನರಿನಲ್ಲಿ ಪ್ರಶ್ನೆ ಕೇಳುವ ಏರ್ಪಾಡು. ಅದನ್ನು ನೋಡಿಕೊಳ್ಳುವ ಹುಡುಗ ನನ್ನ ಶಿಷ್ಯನೊಬ್ಬನ ಮಗ. ಆಕೆಯ ಹೆಸರು ಕೊಟ್ಟು ಹುಡುಕಿದಾಗ ಹನ್ನೊಂದು ಮಂದಿ ಬಂದರು! ತಂದೆಯ ಹೆಸರನ್ನು ಸೇರಿಸಿದ ಮೇಲೆಯೂ ನಾಲ್ವರು ಉಳಿದರು. ಊರಿನಿಂದ ಶೋಧಿಸು ಎಂದೆ. “ಊರಿನ ಫೀಲ್ಡೇ ಇಲ್ಲ ಮೇಷ್ಟ್ರೇ. ಉದ್ಯೋಗದ್ದೂ ಇಲ್ಲ. ಟೈಪ್ ಮಾಡಿದವರು ಬಿಟ್ಟುಬಿಟ್ಟಿದ್ದಾರೆ” ಎಂದ.

ಇಷ್ಟು ಸಾವಿರ ಸಾಲು ಬೆರಳು ಸವೆಸಿದವರು ಎರಡು ಕಲಂಗಳನ್ನು ಪೂರ್ತಿ ಬಿಡುತ್ತಾರೆಯೇ? ನನಗೆ ನಂಬಿಕೆ ಬರಲಿಲ್ಲ. ಗಣಿತ ಮೇಷ್ಟ್ರ ಚಾಳಿ, ಒಂದೊಂದೇ ಸಾಧ್ಯತೆಯನ್ನು ತಳ್ಳಿಹಾಕುತ್ತಾ ಹೋದೆವು. ಕ್ವೆರಿ ಡಿಸೈನರಿನಲ್ಲಿ ಮೇಲೆ ಒಂದು ಸಣ್ಣ ಪೆಟ್ಟಿಗೆಯೊಳಗೆ ಫೀಲ್ಡುಗಳ ಪಟ್ಟಿ ಇರುತ್ತದೆ. ಪೆಟ್ಟಿಗೆ ಗಿಡ್ಡವಾಗಿದ್ದರೆ ಕೆಳಗಿನವು ಕಾಣುವುದಿಲ್ಲ. ಎಳೆದು ಉದ್ದ ಮಾಡಿದೆವು. ಕೆಳಗಿನ ಚೌಕುಳಿಯಲ್ಲಿ ‘ಶೋ’ ಎಂಬ ಸಾಲಿನ ಗುರುತು ತೆಗೆದಿದ್ದರೆ ಫೀಲ್ಡು ಉತ್ತರದಲ್ಲಿ ಬರುವುದಿಲ್ಲ. ಅದೂ ಸರಿಯಿತ್ತು. ಹಾಳೆಯಲ್ಲಿ ಮರೆಮಾಡಿದ ಕಲಂಗಳೂ ಇರಲಿಲ್ಲ.

ಉದ್ದ ಮಾಡಿದ ಪೆಟ್ಟಿಗೆಯಲ್ಲಿ ಕಂಡದ್ದಾದರೂ ಏನು? ತಲೆಯ ಮೇಲೆ ಸೊಟ್ಟ ಗೆರೆ, ಚುಕ್ಕಿಗಳನ್ನು ಹೊತ್ತ ರೋಮನ್ ಅಕ್ಷರಗಳ ಸಂತೆ. ಇದರ ಕಾರಣವನ್ನು ಬಲ್ಲವರು ಬಲ್ಲರು. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಬರೆದದ್ದು ಗಣಕದ ಹೊಟ್ಟೆಯೊಳಗೆ ಕನ್ನಡವಾಗಿ ಇರುವುದಿಲ್ಲ. ರೋಮನ್ ಲಿಪಿಯ ಸಂಕೇತಗಳಾಗಿಯೇ ಇದ್ದು, ನುಡಿಯ ಫಾಂಟ್ ತೊಡಿಸಿದಾಗ ಮಾತ್ರ ಕನ್ನಡದ ವೇಷ ಹಾಕುತ್ತದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತ್ತಾದರೂ ನಮ್ಮ ಕಚೇರಿಗಳು ಬಹುಕಾಲ ಬಾಡಿಗೆ ಮನೆಯಲ್ಲೇ ಇದ್ದವು. ಹುಡುಗ ಆ ಗೋಜಲಿನಲ್ಲಿ ‘ಹೆಸರು’ ಯಾವುದು, ‘ದಿನಾಂಕ’ ಯಾವುದು ಎಂದು ಅಭ್ಯಾಸಬಲದಿಂದ ಗುರುತಿಸುತ್ತಿದ್ದ. ಅವುಗಳ ನಡುವೆ ಎರಡು ಮಾತ್ರ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿದ್ದವು: ಎಫ್ 6, ಎಫ್ 7. “ಅವು ಖಾಲಿ ಕಲಂ, ತಂತಾನೇ ಬಂದವು” ಎಂದ.

ಖಾಲಿಯಾದರೆ ಬರುವುದೇಕೆ? ಇಡೀ ಕೋಷ್ಟಕವನ್ನು ತೆರೆಸಿ, ಅದಕ್ಕೆ ನುಡಿ ಫಾಂಟ್ ತೊಡಿಸಲು ಹೇಳಿದೆ. ಗೋಜಲು ಕರಗಿ ಕನ್ನಡ ಮೂಡಿತು. ಮೊದಲ ಸಾಲಿನಲ್ಲಿ ಯಾವ ವಿದ್ಯಾರ್ಥಿಯೂ ಇರಲಿಲ್ಲ. ಐದನೆಯ ಕಲಮಿನಲ್ಲಿ ‘ಹೆಸರು’, ಎಫ್ 6ರ ಕೆಳಗೆ ‘ಉದ್ಯೋಗ’, ಎಫ್ 7ರ ಕೆಳಗೆ ‘ವಾಸಸ್ಥಳ’ ಎಂದು ಬರೆದಿತ್ತು. ಅದರ ಕೆಳಗೆ ಊರೋ ಊರು, ಸಾಲುಸಾಲಾಗಿ.

ಆದದ್ದು ಇಷ್ಟು. ಟೈಪ್ ಮಾಡಿದವರು ನಿಷ್ಠಾವಂತರು. ವಹಿಯಲ್ಲಿದ್ದಂತೆಯೇ ಮೂರು ಕೋಶಗಳನ್ನು ಬೆಸೆದು ‘ತಂದೆ ಅಥವಾ ಪೋಷಕರ’ ಎಂಬ ದೊಡ್ಡ ತಲೆಬರಹ ಬರೆದಿದ್ದರು. ಎಕ್ಸೆಲ್‌ನಲ್ಲಿ ಹಾಗೆ ಬೆಸೆದಾಗ ಬರಹವು ಎಡತುದಿಯ ಕೋಶದಲ್ಲಿ ಮಾತ್ರ ಉಳಿಯುತ್ತದೆ; ಉಳಿದೆರಡು ಬರಿದು. ಆಕ್ಸೆಸ್ ಮೊದಲನೆಯ ಸಾಲನ್ನು ಮಾತ್ರ ತಲೆಬರಹವೆಂದು ಓದುತ್ತದೆ. ಬರಿದಾಗಿದ್ದರೆ ತಾನೇ ‘ಎಫ್’ ಎಂದು ಬರೆದು ಕಲಮಿನ ಕ್ರಮಸಂಖ್ಯೆ ಹಚ್ಚುತ್ತದೆ. ಎರಡನೆಯ ಸಾಲಿನ ಸಣ್ಣ ತಲೆಬರಹಗಳು ಅದರ ದೃಷ್ಟಿಯಲ್ಲಿ ಒಬ್ಬ ವಿದ್ಯಾರ್ಥಿ! ಕಾಗದದ ಮೇಲೆ ಸುಂದರವಾಗಿ ಕಾಣುವ ಏರ್ಪಾಡು ಯಂತ್ರಕ್ಕೆ ಅರ್ಥವಾಗದು. ಪಹಣಿಯ ಕಲಂಗಳ ಸಂಖ್ಯೆಗಳನ್ನೇ ನಮ್ಮ ರೈತರು ಇಂದಿಗೂ ಬಾಯಿಪಾಠವಾಗಿ ಹೇಳುತ್ತಾರೆ: ಒಂಬತ್ತರಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಸಾಲ ಇದೆಯೇ ಎಂದು. ಆದರೆ ಆ ಸಂಖ್ಯೆಗೆ ಒಂದು ಅರ್ಥವಿದೆಯೆಂದು ಊರಿಗೆಲ್ಲ ಗೊತ್ತು; ಎಫ್ 7ಕ್ಕೆ ಆ ಭಾಗ್ಯವಿರಲಿಲ್ಲ.

ಮೂಲ ಹಾಳೆಯ ಪ್ರತಿ ಮಾಡಿಕೊಂಡು, ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಬೆಸುಗೆ ಬಿಡಿಸಿ, ಒಂದೊಂದು ಕಲಮಿಗೂ ಒಂದೇ ಸಾಲಿನಲ್ಲಿ ಸ್ವಂತ ಹೆಸರು ಕೊಟ್ಟು, ಎರಡನೆಯ ಸಾಲನ್ನು ಅಳಿಸಿ ಮತ್ತೆ ಜೋಡಿಸಿದೆವು. ಹಳೆಯ ಕ್ವೆರಿ ಓಡಿಸಿದರೆ ‘ಎಂಟರ್ ಪ್ಯಾರಾಮೀಟರ್ ವ್ಯಾಲ್ಯೂ’ ಎಂಬ ಪೆಟ್ಟಿಗೆ ಎದ್ದು ನಿಂತಿತು. ಗಾಬರಿಯಾಗಬೇಕಿಲ್ಲ, ತನಗೆ ಗೊತ್ತಿದ್ದ ಹಳೆಯ ಹೆಸರಿನ ಫೀಲ್ಡು ಕಾಣದಾದಾಗ ಅದು ಹಾಗೆ ಕೇಳುತ್ತದೆ. ಹಳೆಯದನ್ನು ಬಿಟ್ಟು ಹೊಸ ಕ್ವೆರಿ ಬರೆದೆವು.

ಊರು ಹಾಕಿದರೆ ಉತ್ತರ ಸೊನ್ನೆ. ಇಲ್ಲಿ ನಂಗಲಿಯ ಭೂಗೋಳ ಅಡ್ಡ ಬಂತು. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಮೂಡಣ ಎಲ್ಲೆಯಾಗಿ ಹೇಳುವುದು ನಂಗಲಿಯನ್ನೇ. ಇಂದಿಗೂ ಇದು ಗಡಿಯೇ. ಹೆದ್ದಾರಿಯಲ್ಲಿ ಮೂಡಲಿಗೆ ಸ್ವಲ್ಪ ನಡೆದರೆ ಆಂಧ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆಕೆಯ ತವರು ಗಡಿಯಾಚೆ; ಅವರ ಬಾಯಲ್ಲಿ ಊರಿನ ಕೊನೆ ‘ಪಲ್ಲಿ’, ನಮ್ಮ ಗುಮಾಸ್ತರ ಲೇಖನಿಯಲ್ಲಿ ‘ಹಳ್ಳಿ’. ಆಕೆ ಹೇಳಿದಂತೆ ಹುಡುಗ ‘ಪಲ್ಲಿ’ ಎಂದು ಹಾಕಿದ್ದ. ‘ಆರ್’ ಎಂಬ ಎರಡನೆಯ ಸಾಲಿನಲ್ಲಿ ‘ಹಳ್ಳಿ’ಯನ್ನೂ ಹಾಕಿದಾಗ ಒಮ್ಮೆಗೇ ನಲವತ್ತು ಚಿಲ್ಲರೆ ಸಾಲುಗಳು ಸುರಿದವು, ಗಂಡು ಹುಡುಗರೂ ಸೇರಿ! ಎರಡನೆಯ ಸಾಲು ಮೊದಲನೆಯದರ ಷರತ್ತುಗಳನ್ನು ಗಮನಿಸುವುದಿಲ್ಲ. ಆಕೆಯ ಹೆಸರನ್ನೂ ತಂದೆಯ ಹೆಸರನ್ನೂ ಅಲ್ಲಿ ಮತ್ತೊಮ್ಮೆ ಬರೆಯಬೇಕು. ಬರೆದೆವು. ಉಳಿದದ್ದು ಒಂದೇ ಸಾಲು.

ಆ ಸಂಖ್ಯೆಯೊಡನೆ ಮುಖ್ಯೋಪಾಧ್ಯಾಯರು ಬೀರು ತೆಗೆಸಿದರು. ಹಾಳೆಯ ಅಂಚು ಉದುರಿದ್ದರೂ ಜನ್ಮದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ ಸ್ಪಷ್ಟವಾಗಿತ್ತು: 1972. ಉದ್ಯೋಗದ ಕಲಮಿನಲ್ಲಿ ‘ಕೂಲಿ’ ಎಂದಿತ್ತು. ಪೋಷಕರ ಸಹಿಯ ಜಾಗದಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ಕಂಡು “ಇದು ನಮ್ಮಪ್ಪಂದಾ ಸಾರ್?” ಎಂದು ಕೇಳಿದಳು. ಹೌದೆಂದೆ. ಬೆರಳು ಮುಂದೆ ತಂದವಳು ಹಾಳೆ ಉದುರೀತೆಂದು ಮುಟ್ಟದೆ ಹಿಂದಕ್ಕೆಳೆದುಕೊಂಡಳು. ವ್ಯಾಸಂಗ ಪ್ರಮಾಣ ಪತ್ರ ಮರುದಿನ ಕೈಸೇರಿತು. ತಿದ್ದುಪಡಿಯ ಅರ್ಜಿಯೊಡನೆ ಅದನ್ನು ಲಗತ್ತಿಸಿ ಕೊಟ್ಟಿದ್ದಾಳೆ.

ಈಗ ನಾವಿಬ್ಬರೂ ವಾರಕ್ಕೊಮ್ಮೆ ಕುಳಿತು ‘ಪಲ್ಲಿ’, ‘ಹಳ್ಳಿ’ಗಳಿಗಾಗಿ ಪ್ರತ್ಯೇಕ ಕೋಷ್ಟಕವೊಂದನ್ನು ತಯಾರಿಸುತ್ತಿದ್ದೇವೆ. ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಗಡಿಯಾಚೆಯಿಂದ ನಡೆದು ಬರುತ್ತಿದ್ದವರು ತಮ್ಮ ಊರನ್ನು ಮನೆಯಲ್ಲಿ ಹೇಗೆ ಕರೆಯುತ್ತಿದ್ದರು, ಶಾಲೆಯಲ್ಲಿ ಹೇಗೆ ಬರೆಯುತ್ತಿದ್ದರು ಎಂಬುದನ್ನು ಬಿಡುವಾದಾಗ ತಿಳಿಸಿದರೆ ಉಪಕಾರವಾಗುತ್ತದೆ.