ಬೀದಿ ಮತ್ತು ನಡಿಗೆ



2025ರ ಆಗಸ್ಟ್ 10ರಂದು ಹಳದಿ ಮೆಟ್ರೋ ಮಾರ್ಗದ ಉದ್ಘಾಟನೆಯಾದ ಮೇಲೆ ಆನೇಕಲ್ಲಿನ ನನ್ನಂಥ ಮುದುಕರಿಗೂ ಬೆಂಗಳೂರು ಕೊಂಚ ಹತ್ತಿರವಾಗಿದೆ. ಚಂದಾಪುರದ ಮೇಲೆ ಬಸ್ಸಿನಲ್ಲಿ ಬೊಮ್ಮಸಂದ್ರಕ್ಕೆ ಹೋಗಿ ರೈಲು ಹತ್ತಿದರೆ, ಆರ್.ವಿ. ರಸ್ತೆಯಲ್ಲೊಮ್ಮೆ ಮೆಜೆಸ್ಟಿಕ್‌ನಲ್ಲೊಮ್ಮೆ ಬದಲಾಯಿಸಿಕೊಂಡು ಮಹಾತ್ಮ ಗಾಂಧಿ ರಸ್ತೆಯಲ್ಲಿ ಇಳಿಯಬಹುದು. ಹಾಗೆ ಇಳಿದು, ಹಳೆಯ ವಿದ್ಯಾರ್ಥಿಯೊಬ್ಬನ ಕರೆಯ ಮೇರೆಗೆ ಚರ್ಚ್ ಸ್ಟ್ರೀಟಿನಲ್ಲಿ ಒಂದು ಶನಿವಾರದ ಸಂಜೆಯನ್ನು ಕಳೆದು ಬಂದೆ. ಆ ವಿಷಯವನ್ನು ಬರೆಯಬೇಕೋ ಬೇಡವೋ ಎಂದು ಹದಿನೈದು ದಿನ ಯೋಚಿಸಿದೆ. “ಬರೆಯಿರಿ ಸಾರ್, ಹೆಸರು ಮಾತ್ರ ಬೇಡ” ಎಂದು ಅವನೇ ಹೇಳಿದ ಮೇಲೆ ಬರೆಯುತ್ತಿದ್ದೇನೆ.

ಅವನು ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ತರಗತಿಯಲ್ಲಿದ್ದ ಹುಡುಗ. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ದ್ರೌಪದಿಯ ಪಾತ್ರ ಮಾಡಿದ್ದ. ಊರಿನ ಹಿರಿಯರೆಲ್ಲ ತಲೆದೂಗಿದರು. ಒಬ್ಬರಂತೂ ವೇದಿಕೆಗೇ ಬಂದು ಹತ್ತು ರೂಪಾಯಿಯ ನೋಟು ಕೊಟ್ಟು ಹೋದರು. ಮರುದಿನದಿಂದ ಹುಡುಗರು ಅವನನ್ನು ಬೀದಿಯಲ್ಲಿ ಬೇರೆ ಹೆಸರಿನಿಂದ ಕರೆಯತೊಡಗಿದರು. ಅವನು ನಡೆಯುವ ರೀತಿಯನ್ನು ಹಿಂದಿನಿಂದ ಅನುಕರಿಸಿ ನಗುತ್ತಿದ್ದರು. ಒಂದು ದಿನ ಅವನು ಅಳುತ್ತಾ ಬಂದು ನನ್ನ ಮುಂದೆ ನಿಂತ. ನಾನು ಅವನ ಹೆಗಲ ಮೇಲೆ ಕೈಯಿಟ್ಟು, “ಗಂಡು ಹುಡುಗನ ಹಾಗೆ ನೆಟ್ಟಗೆ ನಡೆಯುವುದನ್ನು ಕಲಿಯಪ್ಪ, ಆಗ ಯಾರೂ ಏನೂ ಅನ್ನುವುದಿಲ್ಲ” ಎಂದೆ. ನಗುವವರನ್ನು ಕರೆದು ಒಂದು ಮಾತೂ ಕೇಳಲಿಲ್ಲ. ಬುದ್ಧಿ ಹೇಳಿದೆನೆಂಬ ಸಮಾಧಾನದಿಂದ ಮನೆಗೆ ಹೋದೆ.

ಈಗ ಆ ಬೀದಿಯ ಮಾತು. ಬ್ರಿಗೇಡ್ ರಸ್ತೆಗೂ ಸೇಂಟ್ ಮಾರ್ಕ್ಸ್ ರಸ್ತೆಗೂ ನಡುವೆ, ಎಂ.ಜಿ. ರಸ್ತೆಗೆ ಸಮಾನಾಂತರವಾಗಿ, ಚರ್ಚ್ ಸ್ಟ್ರೀಟ್ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದವಿದೆ. ಸಮೀಪದಲ್ಲೇ ಇದ್ದ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ಮುಚ್ಚುವವರೆಗೂ ನಾನು ಸಂಬಳ ಬಂದ ತಿಂಗಳ ಮೊದಲ ಭಾನುವಾರಗಳಲ್ಲಿ ಅಲ್ಲಿಗೆ ಹೋಗುತ್ತಿದ್ದುದುಂಟು. ಆಗ ಚರ್ಚ್ ಸ್ಟ್ರೀಟಿನಲ್ಲಿ ನಡೆಯುವುದೆಂದರೆ ಸರ್ಕಸ್ಸು. ಮೇಲೆದ್ದ ಚಪ್ಪಡಿಗಳು, ಅವುಗಳ ಸಂದಿಯಲ್ಲಿ ಇಣುಕುವ ಚರಂಡಿ, ಪಾದಚಾರಿ ಮಾರ್ಗವನ್ನೇ ಆಕ್ರಮಿಸಿದ ಸ್ಕೂಟರುಗಳು. 2017ರಲ್ಲಿ ‘ಟೆಂಡರ್‌ಶ್ಯೂರ್’ ಎಂಬ ಯೋಜನೆಯಡಿ ಇಡೀ ಬೀದಿಯನ್ನು ಅಗೆದರು. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ತಂತಿಗಳಿಗೆಲ್ಲ ನೆಲದಡಿಯಲ್ಲಿ ಪ್ರತ್ಯೇಕ ಜಾಗ ಮಾಡಿಕೊಟ್ಟರೆ ಮತ್ತೆ ಮತ್ತೆ ಅಗೆಯುವ ಪ್ರಮೇಯ ಬರುವುದಿಲ್ಲ ಎಂಬುದು ಆ ಯೋಜನೆಯ ತತ್ತ್ವ. ಕೆಲಸ ಮುಗಿಯುವವರೆಗೆ ಅಂಗಡಿಗಳವರು ಧೂಳು ತಿಂದು ವ್ಯಾಪಾರ ಕಳೆದುಕೊಂಡರು. 2018ರ ಆರಂಭದಲ್ಲಿ ಬೀದಿ ಮತ್ತೆ ತೆರೆದಾಗ ಡಾಂಬರಿನ ಬದಲು ಕಲ್ಲುಹಾಸು ಬಂದಿತ್ತು. ಪಾದಚಾರಿ ಮಾರ್ಗ ಅಗಲವಾಗಿತ್ತು. 2020ರ ನವೆಂಬರಿನಿಂದ ಕೆಲವು ತಿಂಗಳ ಕಾಲ ವಾರಾಂತ್ಯಗಳಲ್ಲಿ ವಾಹನಗಳನ್ನೇ ನಿಷೇಧಿಸಿ ಬೀದಿಯನ್ನು ಪೂರ್ತಿಯಾಗಿ ನಡೆಯುವವರಿಗೆ ಬಿಟ್ಟುಕೊಟ್ಟಿದ್ದರು. ವಾಹನಗಳ ಭಾರಕ್ಕೆ ಕಲ್ಲುಗಳು ಸಡಿಲವಾಗಿ ದುರಸ್ತಿಯ ಕೂಗೂ ಎದ್ದಿತು. ಕಟ್ಟಿದ್ದನ್ನು ಕಾಪಾಡುವುದು ನಮಗೆ ಎಂದಿಗೂ ಕಷ್ಟವೇ.

2009ರಲ್ಲಿ ಎಂ.ಜಿ. ರಸ್ತೆಯಿಂದ ಇಲ್ಲಿಗೆ ಬಂದ ಕಾಫಿ ಹೌಸ್‌ನಲ್ಲಿ ಕುಳಿತು ಮಾತನಾಡಿದೆವು. ಅವನಿಗೀಗ ನಲವತ್ತೈದರ ಆಸುಪಾಸು. ಕಿವಿಯ ಬಳಿ ನರೆ. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಕೆಲಸ, ನಗರದಲ್ಲೇ ವಾಸ. ಒಬ್ಬ ಗೆಳೆಯನೊಂದಿಗೆ ಹನ್ನೊಂದು ವರ್ಷಗಳಿಂದ ಸಂಸಾರ ಹೂಡಿದ್ದೇನೆ ಎಂದು ಕಾಫಿಯ ಲೋಟವನ್ನು ನೋಡುತ್ತಾ ಹೇಳಿದ. ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಆಮೇಲೆ, “ಅಡುಗೆ ಯಾರು ಮಾಡುತ್ತೀರಿ?” ಎಂದು ಕೇಳಿಬಿಟ್ಟೆ. ಅವನು ಜೋರಾಗಿ ನಕ್ಕ. ಅಲ್ಲಿಂದ ಮುಂದೆ ಮಾತು ಸರಾಗವಾಯಿತು.

ಅವನು ಹೇಳಿದ್ದು ಇಷ್ಟು. ಬೆಂಗಳೂರಿನಲ್ಲಿ ಅವನಂಥವರಿಗಾಗಿಯೇ ಎಂಬ ಬೀದಿ ಇಲ್ಲ. ಈ ಸುತ್ತಿನ ಯಾವುದಾದರೊಂದು ಪಬ್ಬಿನಲ್ಲಿ ವಾರದ ಒಂದು ರಾತ್ರಿಯನ್ನು ಅವರಿಗೆ ಬಿಟ್ಟುಕೊಡುತ್ತಾರೆ; ಮಾಲೀಕರ ಮನಸ್ಸು ಬದಲಾದರೆ ಅದು ಇನ್ನೊಂದು ಕಡೆಗೆ ಹೋಗುತ್ತದೆ. ಮನೆಯಲ್ಲಿ ಹೇಳಿಕೊಳ್ಳಲಾಗದವರು ಮೊದಲು ಭೇಟಿಯಾಗುತ್ತಿದ್ದುದು ಉದ್ಯಾನಗಳಲ್ಲಿ, ಬೀದಿಯ ಮೂಲೆಗಳಲ್ಲಿ. ಅಲ್ಲಿ ನಿಂತವರಿಗೆ ಆಗುತ್ತಿದ್ದ ಕಿರುಕುಳ, ಸುಲಿಗೆಗಳನ್ನು ಪಿ.ಯು.ಸಿ.ಎಲ್. ಸಂಸ್ಥೆಯ ಕರ್ನಾಟಕ ಶಾಖೆ 2001ರಷ್ಟು ಹಿಂದೆಯೇ ವರದಿ ಮಾಡಿ ಪ್ರಕಟಿಸಿತ್ತು. 2008ರಲ್ಲಿ ನಗರದಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆದಾಗ ಇವನು ಮುಖವಾಡ ಹಾಕಿಕೊಂಡು ಹೋಗಿದ್ದನಂತೆ. “ಮುಖ ಮುಚ್ಚಬಹುದು ಸಾರ್, ನಡಿಗೆಯನ್ನು ಮುಚ್ಚುವುದು ಹೇಗೆ? ಊರಿನವರು ಯಾರಾದರೂ ಗುರುತಿಸಿಯಾರೆಂದು ದಾರಿಯುದ್ದಕ್ಕೂ ನೆಟ್ಟಗೆ ನಡೆದೆ” ಎಂದ. ಆ ಮಾತು ನನ್ನನ್ನು ಚುಚ್ಚಲೆಂದು ಆಡಿದ್ದಲ್ಲ. ಆದರೂ ಚುಚ್ಚಿತು.

ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ಕೊಟ್ಟದ್ದನ್ನು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹಿಂತೆಗೆದುಕೊಂಡಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ, ವಯಸ್ಕರ ಸಮ್ಮತಿಯ ಪ್ರೇಮಕ್ಕೆ 377ನೆಯ ಕಲಂ ಅನ್ವಯಿಸದು ಎಂದು ತೀರ್ಪಿತ್ತಿತು. ಬ್ರಿಟಿಷರು 1860ರಲ್ಲಿ ಬರೆದಿಟ್ಟ ಕಾನೂನು ಅದು. ಬೀದಿಗೆ ಕಲ್ಲು ಹಾಸಿದ್ದೂ ಆ ವರ್ಷವೇ. “ಎರಡೂ ಒಂದೇ ವರ್ಷ ಆದದ್ದು ಕಾಕತಾಳೀಯ ಸಾರ್. ಆದರೆ ಆ ಡಿಸೆಂಬರಿನಲ್ಲಿ ನಾವಿಬ್ಬರೂ ಈ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕೈಹಿಡಿದು ನಡೆದೆವು” ಎಂದ. ನಮ್ಮ ಕಡೆ ಗೆಳೆಯರು ಕೈಹಿಡಿದು ನಡೆಯುವುದೇನೂ ಹೊಸದಲ್ಲವಲ್ಲ ಎಂದೆ. “ಗೆಳೆಯರೆಂದುಕೊಂಡರೆ ಯಾರೂ ಏನೂ ಅನ್ನರು. ಸಂಬಂಧದ ಹೆಸರು ಬದಲಾದರೆ ಅದೇ ಕೈ ತಪ್ಪಾಗುತ್ತದೆ” ಎಂದು ಉತ್ತರ ಬಂತು.

ಕೆಲಸದ ನಿಮಿತ್ತ ಅವನು ಎರಡು ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ. ಅಲ್ಲಿನ ಕ್ಯಾಸ್ಟ್ರೋ ಎಂಬ ಬಡಾವಣೆ ದಶಕಗಳಿಂದ ಇಂಥವರ ನೆಲೆ. 2014ರಲ್ಲಿ ಅಲ್ಲಿಯ ಮುಖ್ಯ ಬೀದಿಯನ್ನೂ ಸುಧಾರಿಸಿದರು: ಪಾದಚಾರಿ ಮಾರ್ಗವನ್ನು ಅಗಲ ಮಾಡಿ, ರಸ್ತೆ ದಾಟುವಲ್ಲಿ ಕಾಮನಬಿಲ್ಲಿನ ಬಣ್ಣ ಬಳಿದು, ನೆಲದಲ್ಲಿ ಲೋಹದ ಫಲಕಗಳನ್ನು ಹುದುಗಿಸಿದರು. ಅವುಗಳ ಮೇಲೆ ಹೆಸರುಗಳಿವೆ. ಒಂದು ಆಸ್ಕರ್ ವೈಲ್ಡ್‌ನದು. “ನೀವು ಹೇಳಿದ ಕಥೆಯ ರಾಜಕುಮಾರ ನೆನಪಾಗಿ ಅಲ್ಲೇ ನಿಂತೆ ಸಾರ್” ಎಂದ. ಪಾಠ ಬೇಗ ಮುಗಿದ ದಿನಗಳಲ್ಲಿ ಆ ಪ್ರತಿಮೆಯ ಮತ್ತು ಪುಟ್ಟ ಹಕ್ಕಿಯ ಕಥೆಯನ್ನು ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದನ್ನು ಬರೆದವನು 1895ರಲ್ಲಿ ಏತಕ್ಕಾಗಿ ಎರಡು ವರ್ಷ ಕಠಿಣ ಸಜೆಗೆ ಗುರಿಯಾದ ಎಂಬುದು ನನಗೆ ತಿಳಿದಿತ್ತು. ಮಕ್ಕಳಿಗೇಕೆ ಆ ವಿಷಯ ಎಂದು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ಮೂರನೆಯ ಬೆಂಚಿನ ಆ ಹುಡುಗನಿಗೆ ತಾನೊಬ್ಬನೇ ಅಲ್ಲ ಎಂದಾದರೂ ಅನ್ನಿಸುತ್ತಿತ್ತೇನೋ.

ಹೊರಗೆ ಬಂದಾಗ ದೀಪ ಹತ್ತಿತ್ತು. ಯುವಜನರ ಜಾತ್ರೆ, ಒಂದೆಡೆ ಗಿಟಾರು ಹಿಡಿದು ಹಾಡುವವನು, ಇನ್ನೊಂದೆಡೆ ಚಿತ್ರ ಬರೆಯುವವಳು. ಬೀದಿ ಬಹಳ ಚೆನ್ನಾಗಿದೆಯಪ್ಪ ಎಂದೆ. ಅವನು ಪೂರ್ತಿ ಒಪ್ಪಲಿಲ್ಲ. “ನನ್ನ ಹತ್ತಿರ ಸಂಬಳವಿದೆ, ಹಾಕಿಕೊಳ್ಳಲು ಒಳ್ಳೆಯ ಅಂಗಿಯಿದೆ. ಸೀರೆಯುಟ್ಟು ಸಿಗ್ನಲ್ಲಿನಲ್ಲಿ ನಿಲ್ಲುವ ಅಕ್ಕಂದಿರನ್ನು ಈ ಬಾಗಿಲುಗಳೊಳಗೆ ಯಾರು ಬಿಡುತ್ತಾರೆ? ಬೀದಿ ಚೆಂದವಾದಷ್ಟೂ ಕಾಫಿಯ ಬೆಲೆ ಏರುತ್ತದೆ” ಎಂದ. ಇದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಬೀಳ್ಕೊಡುವಾಗ ತಡೆಯಲಾರದೆ ಹೇಳಿದೆ: “ಅಂದು ನಿನಗೆ ಹೇಳಿದ್ದು ತಪ್ಪಪ್ಪ.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವೊಬ್ಬರೇ ಹೇಳಿದ್ದಲ್ಲ ಸಾರ್. ಬೈದವರ ಮಾತು ಮರೆತುಹೋಗಿದೆ. ನೀವು ಪ್ರೀತಿಯಿಂದ ಹೇಳಿದಿರಿ, ಅದಕ್ಕೇ ಅದು ಉಳಿದುಬಿಟ್ಟಿದೆ” ಎಂದ. ಮೆಟ್ರೋದಲ್ಲಿ ಬರುವಾಗ ಆ ಮಾತನ್ನೇ ಮೆಲುಕು ಹಾಕಿದೆ. ಮೇಷ್ಟರಾದವರು ಪ್ರೀತಿಯಿಂದ ಆಡಿದ ತಪ್ಪು ಮಾತಿಗೆ ಆಯುಸ್ಸು ಹೆಚ್ಚು.

ನಮ್ಮೂರಿನಲ್ಲಿ ಚೈತ್ರದಲ್ಲಿ ಧರ್ಮರಾಯಸ್ವಾಮಿಯ ಕರಗ ನಡೆಯುತ್ತದೆ. ಬೀದಿಗೆ ನೀರು ಹಾಕಿ, ರಂಗೋಲಿಯಿಟ್ಟು, ರಾತ್ರಿಯೆಲ್ಲ ಎಚ್ಚರವಿದ್ದು ಕಾಯುತ್ತೇವೆ. ಹೆಣ್ಣುಡುಗೆ ತೊಟ್ಟ ಗಂಡೊಬ್ಬ ಮಲ್ಲಿಗೆಯ ಕರಗ ಹೊತ್ತು, ಸಾಕ್ಷಾತ್ ದ್ರೌಪದಿಯಾಗಿ ನಮ್ಮ ಮನೆಯ ಮುಂದೆ ಹೆಜ್ಜೆ ಹಾಕಿದಾಗ ಕೈಮುಗಿಯುತ್ತೇವೆ. ಅದು ವ್ರತ, ಶಕ್ತಿಯ ಆರಾಧನೆ. ಅದನ್ನೂ ಇದನ್ನೂ ಒಂದೆಂದು ನಾನು ಹೇಳಲಾರೆ. ಆದರೆ ಆ ನಡಿಗೆಗೆ ದಾರಿ ಬಿಡಬಲ್ಲ ಬೀದಿ, ನಾಟಕದಲ್ಲಿ ದ್ರೌಪದಿಯಾಗಿದ್ದ ಹುಡುಗನಿಗೆ ಏಕೆ ಬಿಡಲಿಲ್ಲ? ತಾಯಿಯನ್ನು ನೋಡಲು ಅವನು ಇಂದಿಗೂ ಕತ್ತಲಾದ ಮೇಲೆ ಕಾರಿನಲ್ಲಿ ಬಂದು, ಬೆಳಗಾಗುವ ಮೊದಲು ಹೊರಟುಬಿಡುತ್ತಾನೆ. ಕರಗ ನೋಡಿ ಇಪ್ಪತ್ತು ವರ್ಷಗಳಾದುವಂತೆ.

ನಮ್ಮೂರಿನ ಬೀದಿಗಳಿಗೂ ಕಾಂಕ್ರೀಟು, ಎಲ್‌ಇಡಿ ದೀಪ ಬಂದಿವೆ. ಮುಂದಿನ ಕರಗಕ್ಕೆ ನಮ್ಮ ಮನೆಗೇ ಬಾ, ಇಬ್ಬರೂ ಬನ್ನಿ ಎಂದು ಕರೆದಿದ್ದೇನೆ. “ನೋಡೋಣ ಸಾರ್” ಎಂದಿದ್ದಾನೆ. ಅವನು ಬಂದರೆ, ನಮ್ಮ ಜಗಲಿಯ ಮೇಲೆ ಅವನನ್ನು ಕಂಡರೆ, ನಿಮ್ಮಲ್ಲಿ ಅಂದು ಅವನ ಹಿಂದೆ ನಡೆದು ನಕ್ಕವರೂ ಇದ್ದೀರಿ, ಹತ್ತಿರ ಬಂದು ಎರಡು ಮಾತನಾಡಿ. ನಿಮ್ಮನ್ನು ಅಂದು ಕರೆದು ಕೇಳದೆ ಇದ್ದವನು ನಾನು. ಆದ್ದರಿಂದ ಇಂದು ಇದು ಆಜ್ಞೆಯಲ್ಲ, ವಿನಂತಿ.